ತಾನಾಗಿ ಇಳಿಯದ ಚಕ್ರ

ಹತ್ತಿಮತ್ತೂರಿನವರು ಗುತ್ತೆವ್ವನನ್ನು ಹಾಡಿಸಿ ನೋಡಲು ಕರೆಸಿದ್ದೇ ಮಗಳು ಸಮತಾಳ ಮೈ ಉರಿಸಿತ್ತು. ವರ್ಷಗಟ್ಟಲೆ ಅದೇ ಊರಿನ ನಾಟಕದಲ್ಲಿ ತಾಯಿಯ ಪಾತ್ರ ಮಾಡಿ, ಮಗ ಸತ್ತ ಸೀನಿನಲ್ಲಿ ಹಾಡಿ, ಮೀಸೆ ಹೊತ್ತ ಗಂಡಸರೆಲ್ಲ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುವಂತೆ ಮಾಡಿದವಳು ಅವ್ವ. ಪ್ರತಿ ಸಲವೂ ಅವರೇ ಹಿರೇಬೆಂಡಿಗೇರಿಯ ಮನೆಗೆ ಬಂದು, ಎಲೆ ಅಡಿಕೆ ಕೈಗಿಟ್ಟು ವೀಳ್ಯ ಕೊಡುತ್ತಿದ್ದರು. ವೀಳ್ಯ ಹಿಡಿದಳೆಂದರೆ ಆ ವರ್ಷದ ಪಾತ್ರ ಅವಳದೇ. ಈ ಸಲ ಮಾತ್ರ ಮನೆಗೆ ಯಾರೂ ಬರಲಿಲ್ಲ, ಒಂದು ಫೋನು ಬಂತು: "ಒಮ್ಮೆ ಬಂದು ಹಾಡಿ ಹೋಗ್ರಿ."

ಕಾರಣ ಎಲ್ಲರಿಗೂ ಗೊತ್ತಿತ್ತು. ಹೋದ ಬೇಸಿಗೆಯಿಂದ ಗುತ್ತೆವ್ವನ ದನಿ ನಡುಗುತ್ತಿತ್ತು. ಮಾತಿನಲ್ಲಿ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಸ್ವರ ಎಳೆದು ಹಿಡಿದರೆ ಮುಚ್ಚಿಡುವುದು ಸಾಧ್ಯವಿರಲಿಲ್ಲ. ಹತ್ತಿಮತ್ತೂರಿನವರು ಬೇಡ ಅಂದರೆ ಹಾನಗಲ್ಲಿನ ಕಡೆಯವರೂ ಬೇಡ ಅನ್ನುತ್ತಾರೆ. ನಾಟಕದವರ ಸುದ್ದಿ ಊರೂರು ತಿರುಗಲು ಬಸ್ಸಿಗೆ ಕಾಯುವುದಿಲ್ಲ. ಬಣ್ಣ ಹಚ್ಚದಿದ್ದರೆ ಅವ್ವ ಹೇಗೆ ಬದುಕಿಯಾಳು ಎಂಬುದೊಂದೇ ಸಮತಾಳ ಚಿಂತೆ.

ಸಮುದಾಯ ಭವನಕ್ಕೆ ಹೋದಾಗ ನಾಟಕ ಕಲಿಸುವ ಮೃತ್ಯುಂಜಯ ಮಾಸ್ತರರು ವೀಳ್ಯದ ತಟ್ಟೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದರು. ಗೋಡೆಯ ಪಕ್ಕ ಇನ್ನೊಬ್ಬಳಿದ್ದಳು, ಹಂಸಭಾವಿಯ ಜಯಶ್ರೀ. ಇನ್ನೂ ಎಳೆಯ ಮುಖ. ಅದಕ್ಕೇನು, ತಲೆಗೆ ಬಿಳಿ ಪೌಡರು ಹಾಕಿದರೆ ನಾಟಕದಲ್ಲಿ ಯಾರು ಬೇಕಾದರೂ ತಾಯಿ.

"ಪೇಟಿ ಒಂದ ಐತಿ ನೋಡವ್ವಾ. ಇಬ್ಬರಿಗೂ ನೀನ ನುಡಸಬೇಕು," ಎಂದರು ಮಾಸ್ತರರು. ಸಮತಾಳ ಹೊಚ್ಚ ಹೊಸ ಕೀಬೋರ್ಡನ್ನೂ ಅವರು ಹಾರ್ಮೋನಿಯಂನಂತೆ ಪೇಟಿ ಎಂದೇ ಕರೆಯುತ್ತಿದ್ದರು.

ಮೊದಲು ಗುತ್ತೆವ್ವ ಹಾಡಿದಳು. ಸಮತಾ ಕೀಬೋರ್ಡಿನಲ್ಲಿ ಕೊಳಲಿನ ನಾದ ಇಟ್ಟಿದ್ದಳು. ಅದು ನೂಲು ಹಿಡಿದಂತೆ ನೆಟ್ಟಗೆ ನಿಂತಿತು. ನಿಂತದ್ದೇ ತಪ್ಪಾಯಿತು, ಅದರ ಪಕ್ಕದಲ್ಲಿ ಅವ್ವನ ನಡುಕ ಇನ್ನಷ್ಟು ಎದ್ದು ಕೇಳಿಸಿತು. ಮಾಸ್ತರರು ಮೆಲ್ಲಗೆ ಜಯಶ್ರೀಯ ಕಡೆ ನೋಡಿದರು.

ಕೀಬೋರ್ಡಿನ ಎಡತುದಿಯಲ್ಲಿ ಎರಡು ಚಕ್ರಗಳಿದ್ದವು. ಒಂದು ಸ್ವರವನ್ನು ಮೇಲೆ ಕೆಳಗೆ ಜಾರಿಸುವುದು. ಇನ್ನೊಂದು ಮಾಡ್ಯುಲೇಶನ್ ಚಕ್ರ, ಏರಿಸಿದಷ್ಟೂ ಸ್ವರ ನಡುಗುವುದು. ಸಮತಾ ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿದಳು. ಕೊಳಲು ಚಳಿಜ್ವರ ಹಿಡಿದವರ ಹಲ್ಲಿನಂತೆ ಗಡಗಡ ನಡುಗಿತು. ಅವ್ವನ ನಡುಕ ನಿಧಾನದ್ದು. ಎರಡೂ ಒಂದನ್ನೊಂದು ತುಳಿದು ಹಾಡು ಮತ್ತಷ್ಟು ಕೆಟ್ಟಿತು. ಸಮತಾ ಬಲಗೈಯಿಂದ ನುಡಿಸುತ್ತಲೇ ಎಡಗೈಯಿಂದ ಪರದೆಯ ಮೇಲೆ ನಡುಕದ ವೇಗವನ್ನು ಹುಡುಕಿ ಇಳಿಸತೊಡಗಿದಳು. ನಡುವೆ ಒಂದು ಸ್ವರ ತಪ್ಪಿತು. ಮಾಸ್ತರರ ಹುಬ್ಬು ಏರಿತು. ಇನ್ನೂ ಸ್ವಲ್ಪ ಇಳಿಸಿದಳು, ಮತ್ತೂ ಸ್ವಲ್ಪ.

ಸಿಕ್ಕಿತು! ಎರಡು ನಡುಕಗಳೂ ಜೊತೆಯಾದವು. ಯಾವುದು ಯಾರದೆಂದು ಹೇಳುವುದು ಆ ಶಿವನಿಗೂ ಸಾಧ್ಯವಿರಲಿಲ್ಲ. ದುಃಖದ ಹಾಡನ್ನು ಹೀಗೇ ಹಾಡಬೇಕೇನೋ ಎನ್ನಿಸುವಂತಿತ್ತು. ಗುತ್ತೆವ್ವ ಒಮ್ಮೆ ಕಣ್ಣು ತೆರೆದು ಕೀಬೋರ್ಡಿನತ್ತ ನೋಡಿ ಮತ್ತೆ ಮುಚ್ಚಿಕೊಂಡಳು. ಹಾಡು ಮುಗಿದಾಗ ಮಾಸ್ತರರು ಮೂಗು ಒರೆಸಿಕೊಂಡರು.

"ಈಗ ನೀ ಹಾಡವ್ವಾ."

ಜಯಶ್ರೀ ಎದ್ದು ನಿಂತಳು. ಮೊದಲ ಸಾಲು ಚೆನ್ನಾಗಿಯೇ ಬಂತು. ಸ್ವರ ಹಿಡಿಯುವಾಗ ತಡವರಿಸಿದಳು. ಪೇಟಿ ಕೇಳಿ ಕೇಳಿಯೇ ಹಾಡು ಕಲಿತವಳು, ಪೇಟಿ ನಿಂತಲ್ಲಿ ನಿಲ್ಲುವುದು ಅವಳ ಅಭ್ಯಾಸ. ಪೇಟಿ ನಡುಗಿದರೆ ಅವಳಾದರೂ ಏನು ಮಾಡಬೇಕು? ಸಮತಾ ಎಡಕ್ಕೆ ನೋಡಿದಳು. ಚಕ್ರ ಏರಿಸಿದಲ್ಲೇ ಇತ್ತು.

ಸಮತಾಳೂ ಹಳೆಯ ಪೇಟಿಯ ಮೇಲೆ ಕಲಿತವಳೇ. ಅಲ್ಲಿ ಕೈ ಎತ್ತಿದರೆ ಎಲ್ಲ ಮುಗಿಯಿತು. ಇಲ್ಲಿ ಮೊದಲನೆಯ ಚಕ್ರ ಬೆರಳು ತೆಗೆದ ಕೂಡಲೇ ತಾನಾಗಿ ಹಿಂದಕ್ಕೆ ಬರುತ್ತದೆ, ಮಾಡ್ಯುಲೇಶನ್ನಿನದು ಇಳಿಸುವ ತನಕ ಇಳಿಯುವುದಿಲ್ಲ. ಇಲ್ಲಿಯವರೆಗೆ ಆದದ್ದು ಮರೆವು, ನಿಜವಾದ ಮರೆವು. ಇನ್ನು ಮುಂದಿನದಕ್ಕೆ ಆ ಹೆಸರು ಒಪ್ಪುವುದಿಲ್ಲ. ಇಳಿಸಲು ಹೆಬ್ಬೆರಳೊಂದು ಅಲುಗಿದರೆ ಸಾಕಿತ್ತು. ಅದು ಅಲುಗಲಿಲ್ಲ. ನಾಲ್ಕೇ ಸಾಲು, ಆಮೇಲೆ ವೀಳ್ಯ ಅವ್ವನಿಗೆ ಎಂದು ಒಳಗಿನಿಂದ ಯಾವುದೋ ಹಾಳು ಬುದ್ಧಿ ಹೇಳುತ್ತಿತ್ತು.

"ಏನವ್ವಾ, ಹೆದರಿದೇನು? ದನಿ ಯಾಕ ಹಂಗ ಒಲದಾಡಾಕತ್ತೈತಿ?" ಮಾಸ್ತರರು ಕೇಳಿದರು. ಜಯಶ್ರೀಯ ಕಣ್ಣುಗಳು ತುಂಬಿದವು. ಆದರೂ ಹಾಡುತ್ತಲೇ ಇದ್ದಳು.

ಆಗ ಗುತ್ತೆವ್ವ ಎದ್ದಳು. ಸೀದಾ ಬಂದು ಮಗಳ ಪಕ್ಕದಲ್ಲಿ ನಿಂತು, ಎರಡು ಚಕ್ರಗಳಲ್ಲಿ ಆ ಒಂದನ್ನೇ ಹಿಡಿದು ಪೂರ್ತಿ ಕೆಳಗೆ ಎಳೆದಳು.

"ಪೇಟಿ ನಡಗಾಕತ್ತಿತ್ರಿ ಮಾಸ್ತರ, ಹುಡುಗಿ ಅಲ್ಲ," ಎಂದಳು. "ಮೊದಲಿಂದ ಹಾಡಸ್ರಿ."

ಸಮತಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಜಯಶ್ರೀ ಕಣ್ಣೊರೆಸಿಕೊಂಡು ಮತ್ತೆ ಹಾಡಿದಳು. ಕೊಳಲು ನೆಟ್ಟಗೆ ನಿಂತಿತು, ಹುಡುಗಿಯ ದನಿಯೂ ನಿಂತಿತು. ಹಾಡು ಮುಗಿದ ಮೇಲೆ ಮಾಸ್ತರರು ತಟ್ಟೆ ಎತ್ತಿಕೊಂಡರು. ಆದರೆ ಗುತ್ತೆವ್ವನ ಮುಖ ನೋಡಲಾರದೆ ಅಲ್ಲೇ ನಿಂತರು.

"ಗುತ್ತೆವ್ವಾರ, ನಾ ಹೆಂಗ ಹೇಳ್ಲಿ..."

"ಹೇಳಬ್ಯಾಡ್ರಿ. ಕೊಡ್ರಿ ಆಕಿಗೆ."

ತಾಯಿ ಮಗಳು ಸವಣೂರಿನ ಬಸ್‌ಸ್ಟ್ಯಾಂಡಿಗೆ ಬಂದರು. ಶಿಗ್ಗಾವಿಯ ಬಸ್ಸು ಇನ್ನೂ ಬಂದಿರಲಿಲ್ಲ. ಸಮತಾ ಕೀಬೋರ್ಡಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಕೊನೆಗೆ ತಡೆಯಲಾಗದೆ ಅತ್ತಳು.

"ಅವ್ವಾ, ನನಗ ಬೈ. ಸುಮ್ಕ ಕುಂಡ್ರಬ್ಯಾಡ, ಬೈ."

"ಯಾವ ಬಾಯಿಲೆ ಬೈಲಿ?" ಎಂದಳು ಗುತ್ತೆವ್ವ. "ನಾ ಹಾಡೂವಾಗ ನೀ ಆ ಚಕ್ರ ಏರಿಸಿದ್ದು ನನಗ ಅವಾಗ ಗೊತ್ತಾತು. ಇಳಸು ಅಂತ ಒಂದ ಮಾತು ಅನಬಹುದಿತ್ತು. ಅನಲಿಲ್ಲ."

ಸಮತಾ ತಲೆ ಎತ್ತಿ ನೋಡಿದಳು. ಅವ್ವನ ದನಿ ಈಗ ಮಾತಿನಲ್ಲೂ ನಡುಗುತ್ತಿತ್ತು.

"ಭಾಳ ಚಂದ ಕೇಳಿಸ್ತು, ಸಮತಾ. ಅದು ನಂದ ದನಿ ಅನಕೊಂಡು ಹಾಡಿದೆ."