ಎರವಲು ತಂದ ಮುಚ್ಚಳ

ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಅವನು ಅಡುಗೆ ಮಾಡುತ್ತಿದ್ದ ಹಾಸ್ಟೆಲಿಗೆ ಹೋದಳು. ಎದುರುಮನೆ ಅಜ್ಜಿಯಿಂದ ಅವನು ಎರವಲು ತಂದಿದ್ದ ಸ್ಟೀಲ್ ಮುಚ್ಚಳವನ್ನು ಅಲ್ಲಿಂದ ತಂದು ಹಿಂದಿರುಗಿಸಬೇಕಿತ್ತು. ಹಾಸ್ಟೆಲಿನ ಮುಚ್ಚಳ ಹಾಳಾದ ಮೇಲೆ ಅನ್ನದ ಕೊಪ್ಪರಿಗೆಯ ಬಾಯಿಗೆ ಮ್ಯಾನೇಜರು ಪ್ಲಾಸ್ಟಿಕ್ ಹಾಳೆ ಕಟ್ಟಿಸುತ್ತಿದ್ದರು. ಅದನ್ನು ಕಿತ್ತೆಸೆದು ಅವನು ಇದನ್ನು ತಂದಿದ್ದ.

“ತಗೊಂಡು ಹೋಗಮ್ಮ, ನಾವು ಮತ್ತೆ ಹಾಳೆ ಕಟ್ಕೋತೀವಿ,” ಎಂದರು ಮ್ಯಾನೇಜರು.

“ಬಿಸಿ ಹಬೆಗೆ ಪ್ಲಾಸ್ಟಿಕ್ಕಿನ ವಿಷ ಅನ್ನಕ್ಕಿಳಿಯುತ್ತೆ ಸಾರ್.”

“ನಿನ್ನ ಗಂಡನೂ ಇದೇ ಪುರಾಣ ಹೇಳ್ತಿದ್ದ. ಇಷ್ಟು ದಿನ ತಿಂದೋರಲ್ಲಿ ಯಾರಾದ್ರೂ ಸತ್ರಾ?” ಎಂದವರೇ ನಾಲಿಗೆ ಕಚ್ಚಿಕೊಂಡರು.

ಅವಳು ಅಳಲಿಲ್ಲ. ಮತ್ತೆ ಹಾಳೆ ಕಟ್ಟುವ ಮಾತು ಬರುತ್ತದೆಂದು ಗೊತ್ತಿದ್ದೇ ಮನೆಯ ದೊಡ್ಡ ಹರಿವಾಣ ತಂದಿದ್ದಳು. ಮುಚ್ಚಳ ತೆಗೆದು, ಅದನ್ನು ಕೊಪ್ಪರಿಗೆಯ ಮೇಲೆ ಬೋರಲು ಹಾಕಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಹಾಳೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡಳು.

“ಅದು ಹಾಸ್ಟೆಲಿಂದು!”

“ಬೇಕಿದ್ರೆ ಮನೆಗೆ ಬಂದು ಕೇಳಿ. ಇಲ್ಲಿ ಉಣ್ಣೋ ಮಕ್ಕಳ ಅಪ್ಪ ಅಮ್ಮಂದಿರನ್ನೂ ಕರ್ಕೊಂಡು ಬನ್ನಿ.”

ಮ್ಯಾನೇಜರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಎದುರುಮನೆ ಅಜ್ಜಿ ಅವಳ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದರು. “ಅಂಚು ಸೊಟ್ಟ ಮಾಡಿದಾನಲ್ಲೇ ನಿನ್ನ ಗಂಡ. ಹೋಗ್ಲಿ, ಅಲ್ಲೀಗ ಏನು ಮುಚ್ತಾರೆ?”

“ನಮ್ಮನೆ ಹರಿವಾಣ, ಅಜ್ಜಿ. ದಿನಾ ಹೋಗಿ ನೋಡ್ಕೊಂಡು ಬರ್ತೀನಿ,” ಎಂದು ಅವಳು ಮುಚ್ಚಳ ಬಿಟ್ಟುಕೊಟ್ಟಳು.