ಮಳೆಗೆ ಬಿಗಿದ ಡ್ರಾಯರ್

ಜಪಾನಿನ ಒಕಾವಾದಲ್ಲಿ ಕಲ್ಲೆಸೆದರೆ ಅದು ಯಾವುದಾದರೂ ಬೀರುವಿನ ಮೇಲೇ ಬೀಳಬೇಕು, ಪೀಠೋಪಕರಣದ ಅಂಗಡಿಗಳು ಅಷ್ಟು. ಅವುಗಳಲ್ಲೊಂದನ್ನು ನಡೆಸುತ್ತಿದ್ದ ಎಗಾಶಿರಾ ಮೊತೊಹಿರೊ ಮಾತಿಗೆ ತಪ್ಪದ ಮನುಷ್ಯ. ಅಂಥವನೂ ಒಂದು ಚಳಿಗಾಲದ ಬೆಳಿಗ್ಗೆ ನಡುಬೀದಿಯಲ್ಲಿ ತಲೆ ತಗ್ಗಿಸಬೇಕಾಯಿತು. ಶಿಶುವಿಹಾರದ ಮುಖ್ಯಸ್ಥೆ ಶಿಮೊಕಾವಾ ಅವರು ಅವನಿಂದ ಕೊಂಡಿದ್ದ ಹೊಸ ಕಪಾಟುಗಳನ್ನೆಲ್ಲ ಲಾರಿಯಲ್ಲಿ ಹೇರಿಕೊಂಡು ಬಂದು ಅಂಗಡಿಯ ಮುಂದೆ ಇಳಿಸಿಬಿಟ್ಟರು.

“ಬಾಗಿಲು ತೆಗೆದು ನೀವೇ ಮೂಗಿಡಿ, ಎಗಾಶಿರಾ-ಸಾನ್. ಮಕ್ಕಳ ಕಣ್ಣಲ್ಲಿ ನೀರು ನಿಲ್ತಾನೇ ಇಲ್ಲ.”

ಅವನು ಬಗ್ಗಿ ಮೂಗಿಟ್ಟ. ಮರದ ಪುಡಿಗೆ ಅಂಟು ಕಲಸಿ ಒತ್ತಿ ಮಾಡಿದ ಹಲಗೆ ಅದು. ಅಂಟಿನ ಘಾಟು ನೆತ್ತಿಗೇರಿತು. ಇಷ್ಟು ವರ್ಷ ಈ ಘಾಟಿನ ನಡುವೆಯೇ ಕೂತು, ಹೊಸ ಬೀರುವಿನ ವಾಸನೆಯೇ ಹೀಗೆ ಅಂದುಕೊಂಡಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಕಪಾಟುಗಳನ್ನು ಬಿಚ್ಚಿ ಬೇರೇನಾದರೂ ಮಾಡೋಣವೆಂದರೆ ಸ್ಕ್ರೂ ಕಿತ್ತಲ್ಲೆಲ್ಲ ಹಲಗೆ ರವೆಯ ಹಾಗೆ ಉದುರಿತು. ಕೊನೆಗೆ ಅಷ್ಟೂ ಊರಿನ ಕಸ ಸುಡುವ ಕುಲುಮೆಯ ಪಾಲಾಯಿತು.

ಅಂದು ಊಟಕ್ಕೆ ಕೂತಾಗ ಹೆಂಡತಿ ಯುಕಾರಿಗೆ ಹೇಳಿದ, “ಇನ್ಮೇಲೆ ಆ ಹಲಗೆ ಮಾರಲ್ಲ.”

“ಮತ್ತೇನ್ ಮಾರ್ತೀರಿ? ಗಾಳಿನಾ?”

“ಸೆಂದಾನ್ ಮರ. ನಮ್ಮ ಗುಡ್ಡದಲ್ಲೇ ಬೆಳೆಯುತ್ತಲ್ಲ.”

ಸೆಂದಾನ್ ಬೇವಿನ ಜಾತಿಯ ಮರ. ನೆಟ್ಟವನೇ ಕಡಿದು ಮನೆಗೆ ತರಬಹುದು, ಅಷ್ಟು ಬೇಗ ಬೆಳೆಯುತ್ತದೆ. ಮೊತೊಹಿರೊ ಅದನ್ನೇ ತರಿಸಿದ. ಅಂಟಿನ ಬದಲು ಮರದ ಬೆಣೆ ಹೊಡೆಸಿದ, ಬಣ್ಣದ ಬದಲು ಜೇನುಮೇಣ ತಿಕ್ಕಿಸಿದ. ಮುರಿದದ್ದನ್ನು ರಿಪೇರಿ ಮಾಡಿಕೊಡುತ್ತೇವೆ, ಬೇಡವಾದದ್ದನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದು ಬೋರ್ಡನ್ನೂ ಬರೆಸಿದ. ಪಕ್ಕದ ಬೀದಿಯಲ್ಲಿ ಇದೇ ವ್ಯಾಪಾರ ಮಾಡುತ್ತಿದ್ದ ಯುಕಾರಿಯ ತಮ್ಮ ಶುಜಿ ಬಂದು ಬೋರ್ಡು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಬಾವ, ಜಡಿಮಳೆ ಶುರುವಾಗ್ಲಿ. ನಿಮ್ಮ ಬೀರುಗಳೆಲ್ಲ ತುಂಬು ಬಸುರಿ ಥರ ಊದ್ಕೋತವೆ. ಊರೆಲ್ಲಾ ಹೊತ್ಕೊಂಡು ನಿಮ್ಮ ಬಾಗಿಲಿಗೇ ಬರುತ್ತೆ!”

ಮೊತೊಹಿರೊನ ಎದೆಯಲ್ಲಿದ್ದ ಭಯವೂ ಅದೇ.

ವಸಂತದಲ್ಲಿ ಶಿಮೊಕಾವಾ ಅವರು ತಾವಾಗಿಯೇ ಅಂಗಡಿಗೆ ಬಂದರು. ಕಪಾಟಿನೊಳಗೆ ತಲೆ ತೂರಿಸಿ, ಬಹಳ ಹೊತ್ತು ಹಾಗೇ ಇದ್ದು ಹೊರಬಂದು, “ಇನ್ನೊಂದ್ಸಲ ನಿಮ್ಮನ್ನ ನಂಬ್ತೀನಿ” ಎಂದರು. ಬಟ್ಟೆ ಇಡುವ ಕಪಾಟು, ಆಟಿಕೆಯ ಡ್ರಾಯರ್, ಎಲ್ಲವನ್ನೂ ಅವನಿಂದಲೇ ಮಾಡಿಸಿದರು.

ಪ್ಲಮ್ ಹಣ್ಣಾಗುವ ಕಾಲಕ್ಕೆ ಮಳೆ ಹಿಡಿಯಿತು. ಗೋಡೆ ಬೆವರಿತು, ಒಣಹಾಕಿದ ಬಟ್ಟೆ ಒಣಗಲೇ ಇಲ್ಲ. ಒಂದು ಮಧ್ಯಾಹ್ನ ಫೋನ್ ಬಂತು.

“ಎಗಾಶಿರಾ-ಸಾನ್, ಸ್ವಲ್ಪ ಬರ್ತೀರಾ? ಆಟಿಕೆ ಡ್ರಾಯರ್ ಏನ್ ಮಾಡಿದ್ರೂ ತೆಗೆಯೋಕೆ ಬರ್ತಿಲ್ಲ.”

ಶುಜಿ ಹೇಳಿದ್ದೇ ಆಯಿತಲ್ಲ ಎಂದುಕೊಂಡ ಮೊತೊಹಿರೊ. ಯುಕಾರಿ ಕಾರಿನ ಕೀಲಿ ತೆಗೆದುಕೊಂಡಳು. “ಕೀಸುಳಿ ತಗೊಳ್ಳಿ. ಬೈಸ್ಕೊಳ್ಳೋದಾದ್ರೆ ಇಬ್ರೂ ಬೈಸ್ಕೊಳ್ಳೋಣ.”

ಶಿಶುವಿಹಾರದ ಕಿಟಕಿಗಳೆಲ್ಲ ಮಳೆಗೆ ಮುಚ್ಚಿದ್ದವು. ಒಳಗೆ ಹೆಜ್ಜೆಯಿಟ್ಟವನು ಮೊದಲು ನೋಡಿದ್ದು ಮಕ್ಕಳ ಕಣ್ಣುಗಳನ್ನು. ಯಾರ ಕಣ್ಣೂ ಕೆಂಪಾಗಿರಲಿಲ್ಲ. ಕೆಳಗಿನ ಕಪಾಟಿನೊಳಗೆ ಹುಡುಗಿಯೊಬ್ಬಳು ದಿಂಬು ಸಮೇತ ತೂರಿಕೊಂಡು ಗಾಢ ನಿದ್ದೆಯಲ್ಲಿದ್ದಳು.

“ದಿನಾ ಅಲ್ಲೇ ಮಲಗೋದು. ಹಾಸಿಗೆ ಕಡೆ ತಿರುಗಿಯೂ ನೋಡಲ್ಲ” ಎಂದು ಶಿಮೊಕಾವಾ ಮೆಲ್ಲಗೆ ಹೇಳಿದರು.

ಡ್ರಾಯರ್ ನಿಜಕ್ಕೂ ಊದಿ ಕಚ್ಚಿಕೊಂಡಿತ್ತು. ಮೊತೊಹಿರೊ ಹಿಂದಿನ ಹಲಗೆಯ ಬೆಣೆ ಬಿಚ್ಚಿ ಡ್ರಾಯರನ್ನು ಒಳಗಿನಿಂದ ತಳ್ಳಿ ಹೊರತೆಗೆದ. ಅದರ ಅಂಚಿಗೆ ಕೀಸುಳಿ ಹಿಡಿದು ಸರ್ರನೆ ಎಳೆದ. ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಬಿತ್ತು. ಮಕ್ಕಳು ಅದನ್ನು ಹೆಕ್ಕಿಕೊಂಡು ಕಿವಿಗೆ ಓಲೆಯ ಹಾಗೆ ಸಿಕ್ಕಿಸಿಕೊಂಡವು. ಮೇಣ ತಿಕ್ಕಿ ಡ್ರಾಯರನ್ನು ಒಳಗಿಟ್ಟು ಬೆರಳಲ್ಲಿ ತಳ್ಳಿದರೆ ಎಣ್ಣೆ ಹಾಕಿದ ಹಾಗೆ ಸರಿಯಿತು.

ಶಿಮೊಕಾವಾ ಬೆರಗಾದರು. “ಅಷ್ಟೇನಾ?”

“ಅಷ್ಟೇ” ಎಂದ ಮೊತೊಹಿರೊ. ಆ ಹಳೆಯ ಹಲಗೆಯಾಗಿದ್ದರೆ ಊದಿದ ಮೇಲೆ ಸುಡುವುದೊಂದೇ ದಾರಿ. ಮರಕ್ಕೂ ಮುನಿಸು ಬರುತ್ತದೆ, ಆದರೆ ಅದನ್ನು ಸಮಾಧಾನ ಮಾಡಬಹುದು. “ಮಳೆಗಾಲ ಮುಗಿಯೋವರೆಗೂ ಹೀಗೇ ಒಂದೆರಡು ಕಡೆ ಹಿಡ್ಕೋಬಹುದು, ಮೇಡಂ. ಕರೀರಿ, ಬರ್ತೀನಿ.”

“ಕರೀತೀನಿ, ಬಿಡ್ತೀನಾ? ಹಿತ್ತಿಲಲ್ಲಿ ಕಾಲು ಮುರಿದ ಕುರ್ಚಿಗಳ ಗುಡ್ಡೆನೇ ಇದೆ. ಬಿಸಾಡೋಣ ಅಂತಿದ್ದೆ. ನೋಡಿ, ಬದುಕ್ತವಾ ಅಂತ.”

ಕಾರಿನ ಹಿಂಬದಿಯಲ್ಲಿ ಹಿಡಿದಷ್ಟು ಕುರ್ಚಿಗಳನ್ನು ತುಂಬಿಕೊಂಡು ಹೊರಟರು. ಸೇತುವೆ ದಾಟುವ ಹೊತ್ತಿಗೆ ಮೊತೊಹಿರೊ ಸೀಟಿಗೊರಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಯುಕಾರಿ ಅಂಗಡಿಯ ತಿರುವು ಬಂದರೂ ತಿರುಗಿಸಲಿಲ್ಲ. ಎಬ್ಬಿಸಲು ಮನಸ್ಸಾಗದೆ ನದಿಯ ದಡದುದ್ದಕ್ಕೂ ನಿಧಾನವಾಗಿ ಕಾರು ಓಡಿಸುತ್ತ ಹೋದಳು.