ದೋಣಿಯ ಕಾಲು

ದೀಪಿಕಾಳ ಬಲಗಾಲು ಮತ್ತೆ ಸರಿಯಿತು. ಹೆಗಲ ಮೇಲೆ ರಾಡು ಹೊತ್ತು ಪೂರ್ತಿ ಕೂತೇಳುವ ಬಲ ಅವಳಿಗಿತ್ತು. ಆದರೆ ಏಳುವಾಗ ಪಾದ ಜಾಗ ಬಿಟ್ಟಿತೋ, ಪವರ್‌ಲಿಫ್ಟಿಂಗ್ ಪಂದ್ಯದಲ್ಲಿ ಎತ್ತಿದ್ದೆಲ್ಲ ನೀರುಪಾಲು. ಹೋದ ವರ್ಷ ರಾಜ್ಯ ತಂಡ ತಪ್ಪಿದ್ದೂ ಈ ಹಾಳು ಕಾಲಿನಿಂದಲೇ. ಜೂನಿಯರ್ ವಿಭಾಗದಲ್ಲಿ ಅವಳಿಗಿದು ಕೊನೆಯ ವರ್ಷ. ಕುಮಟೆಯ ಆಯ್ಕೆ ಪಂದ್ಯ ಕೈತಪ್ಪಿದರೆ ಅಲ್ಲಿಗೆ ಮುಗಿಯಿತು.

ಹೊನ್ನಾವರದ ಜಿಮ್ಮಿನಲ್ಲಿ ಕೋಚ್ ಜಗದೀಶ ಸರ್ ಹಣೆ ಚಚ್ಚಿಕೊಂಡು ಅವಳ ಕಾಲು ಸರಿದ ವಿಡಿಯೋ ತೋರಿಸಿದರು. ನೋಡುತ್ತಿದ್ದ ಹಾಗೇ ಅವಳಿಗೆ ಹೊಳೆಯಿತು. ಚಿಕ್ಕಂದಿನಿಂದ ಅಪ್ಪ ಸೋಮನ ಜೊತೆ ಶರಾವತಿಯಲ್ಲಿ ಬಲೆ ಎಳೆದವಳು ಅವಳು. ದೋಣಿ ವಾಲಿತು ಅನ್ನುವಷ್ಟರಲ್ಲಿ ಬಲಗಾಲು ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಬಲೆಯ ಸಮೇತ ನೀರಿಗೆ. ಮೈಮೇಲೆ ಭಾರ ಬಿದ್ದರೆ ಸಾಕು, ಈ ಪೆದ್ದು ಕಾಲಿಗೆ ಸಿಮೆಂಟು ನೆಲವೂ ಹೊಳೆಯೇ!

"ನೆಲ ಅಲ್ಲಾಡೂದಿಲ್ಲ ಅಂತ ಈ ಕಾಲಿಗೆ ಗೊತ್ತಾಗ್ಬೇಕು, ಸರ್," ಅಂದಳು.

"ಹಂಗಾರೆ ಭಾರ ಇಳ್ಸು. ಬರೀ ರಾಡು. ನಿಧಾನ."

ಬರೀ ರಾಡು! ಅವಮಾನವಾಯಿತು. ಪಕ್ಕದ ಹುಡುಗರು ಮುಸಿಮುಸಿ ನಕ್ಕರು. ನಗಲಿ, ಹಲ್ಲು ಅವರದು. ಬರಿಗಾಲಲ್ಲಿ ನಿಂತು ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಮೂರನ್ನೂ ನೆಲಕ್ಕೊತ್ತಿದಳು. ಹೊಟ್ಟೆಗೆ ಉಸಿರು ತುಂಬಿ, ಸೊಂಟ ಬಿಗಿಮಾಡಿ, ಮೊಣಕಾಲು ಒಳಕ್ಕೆ ವಾಲದಂತೆ ಮೆಲ್ಲಗೆ ಇಳಿದಳು. ತಳದಲ್ಲಿ ತಡೆದು ನಿಂತು, ಎದ್ದಳು. ಕಾಲು ತುಸು ಮಿಸುಕಿದರೂ ಮತ್ತೆ ಮೊದಲಿಂದ. ಮಳೆಗಾಲ ಪೂರ್ತಿ ಇದೇ ಕೆಲಸ. ರಾಡಿಗೆ ಭಾರ ಚೂರುಚೂರೇ ಮರಳಿತು.

ಅಷ್ಟೂ ದಿನ ದೋಣಿ ಹತ್ತುವುದಿಲ್ಲ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದಳು. ಕಾರಣ ಕೇಳಿ ಸೋಮನ ಮುಖ ಗಂಟಾಯಿತು.

"ಆ ಕಾಲು ಇಡೂಕೆ ಕಲ್ಸಿದ್ದು ನಾನೇ," ಎಂದು ಗೊಣಗಿ ಒಬ್ಬನೇ ಬಲೆ ಹೊತ್ತು ಹೋದ. ಅವಳು ಬಾಗಿಲವರೆಗೆ ಹಿಂದೆಯೇ ಬಂದಳು. ಆದರೂ ಹೋಗಲಿಲ್ಲ.

ಕುಮಟೆಯಲ್ಲಿ ಮೊದಲೆರಡು ಸಲ ಕಾಲು ಹೇಳಿದ ಮಾತು ಕೇಳಿತು. ಆದರೆ ಆಯ್ಕೆಗೆ ಅಷ್ಟು ಸಾಲದು. ಕೊನೆಯ ಸರದಿಗೆ ಅವಳು ಎಂದೂ ಎತ್ತದಷ್ಟು ಭಾರ ಏರಿಸಿದರು. ಇಳಿದಳು. ತಳ ಮುಟ್ಟುತ್ತಲೇ ರಾಡು ಬಲಕ್ಕೆ ವಾಲಿತು, ಥೇಟ್ ದೋಣಿಯ ಹಾಗೆ. ಕಾಲು ಹಿಂದಕ್ಕೆ ಹೋಗುತ್ತೇನೆ ಎಂದು ತುಡಿಯಿತು. ಹೋಗಬೇಡ, ಇಲ್ಲಿ ಹೊಳೆ ಇಲ್ಲ ಎಂದು ಅದನ್ನು ಹಲ್ಲುಕಚ್ಚಿ ನೆಲಕ್ಕೊತ್ತಿದಳು. ತೊಡೆ ನಡುಗಿತು. ಪಾದ ಕದಲಲಿಲ್ಲ. ಇಂಚಿಂಚಾಗಿ ಎದ್ದು ನಿಂತಳು.

ಎತ್ತಿದ್ದು ಸರಿ ಎನ್ನುವ ಬಿಳಿ ದೀಪ ಹತ್ತಿತು. ಜಗದೀಶ ಸರ್ ಓಡಿಬಂದರು. ಅವಳ ಕಣ್ಣು ಅಪ್ಪನನ್ನು ಹುಡುಕಿತು.

ಬರುವುದಿಲ್ಲ ಎಂದಿದ್ದ ಸೋಮ ಮುಂದಿನ ಸಾಲಿನಲ್ಲೇ ನಿಂತಿದ್ದ. ಅವನ ಬಲಗಾಲು ಒಂದು ಹೆಜ್ಜೆ ಹಿಂದಕ್ಕೆ ಹೋಗಿತ್ತು. ಚಪ್ಪಲಿ ಮುಂದೆಯೇ ಉಳಿದಿತ್ತು.

"ಆತು, ಮಗಾ," ಅಂದ. ಅವನ ಕಾಲು ಇನ್ನೂ ಹಿಂದೆಯೇ ಇತ್ತು.